ಮೊದಲು ನಡೆಯುವವಳ ಹಲಗೆ

ಹೊಳೆಯ ಈಚೆ ದಡದಲ್ಲಿ ಒಂದು ಊರಿತ್ತು. ಆ ಊರಲ್ಲಿ ಕಸುಬಿನ ಮನೆ ತೆರೆಯಬೇಕಾದರೆ ಮೊದಲು ಬೇಕಾದದ್ದು ಬಂಡವಾಳವೂ ಅಲ್ಲ, ಆಳುಕಾಳೂ ಅಲ್ಲ, ಬಿರುದು. ತೆರೆಯುವವರು ಬಿರುದು ಕೆತ್ತುವವನ ಅಂಗಳಕ್ಕೆ ಹೋಗಿ ತಮಗೊಂದು ಬಿರುದು ಆರಿಸಿಕೊಳ್ಳಬೇಕು, ಅದನ್ನು ಕೆತ್ತಿದ ಮರದ ಹಲಗೆಯನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡ ಮೇಲೆ ಬಿಚ್ಚುವಂತಿಲ್ಲ. ಉಣ್ಣುವಾಗಲೂ ಕೊರಳಲ್ಲಿ, ಮಲಗುವಾಗಲೂ ಕೊರಳಲ್ಲಿ. ಬಿರುದು ದೊಡ್ಡದಾದಷ್ಟೂ ಹಲಗೆ ದೊಡ್ಡದು, ಹಲಗೆ ದೊಡ್ಡದಾದಷ್ಟೂ ಬೆನ್ನು ಬಗ್ಗುತ್ತಿತ್ತು.

ಬಗ್ಗಿದ ಬೆನ್ನು ಕಂಡರೆ ಜನ ದಾರಿ ಬಿಡುತ್ತಿದ್ದರು. ಮೂಗು ಮೊಣಕಾಲಿಗೆ ತಾಗುವಷ್ಟು ಬಗ್ಗಿದವರಿಗೆ ಜಗಲಿಯ ಮೇಲೆ ಮೊದಲ ಜಾಗ, ಪಂಕ್ತಿಯಲ್ಲಿ ಮೊದಲ ಎಲೆ. ಇಬ್ಬರು ಬಿರುದಿನವರು ಎದುರಾದರೆ ಒಬ್ಬ "ಭಾರ ಹೇಗಿದೆ?" ಎನ್ನುವುದು, ಇನ್ನೊಬ್ಬ "ಹೆಚ್ಚಾಗಲಿ" ಎನ್ನುವುದು. ಅವರ ಮನೆಯ ಬಾಗಿಲುಗಳು ವರುಷ ವರುಷಕ್ಕೂ ಗಿಡ್ಡವಾಗುತ್ತಿದ್ದವು, ಎತ್ತರದ ಬಾಗಿಲು ಯಾರಿಗೆ ಬೇಕು? ಆಕಾಶ ನೋಡುವ ಮನಸ್ಸಾದರೆ ಒಬ್ಬ ಆಳು ಹಿತ್ತಾಳೆಯ ಪರಾತದಲ್ಲಿ ನೀರು ತುಂಬಿ ಮುಂದೆ ಹಿಡಿಯುತ್ತಿದ್ದ. ನೀರು ಅಲುಗಿದರೆ, ಇವತ್ತು ಆಕಾಶ ಯಾಕೋ ಅಲುಗುತ್ತಿದೆ ಎಂದು ಅವರು ಗಂಭೀರವಾಗಿ ಹೇಳುತ್ತಿದ್ದರು. ಸುತ್ತ ನಿಂತವರಿಗೆ ನಗು ಬಂದರೂ ಯಾರೂ ನಗುತ್ತಿರಲಿಲ್ಲ.

ಹೊಳೆಯ ಆಚೆ ದಡದಲ್ಲೂ ಜನರಿದ್ದರು. ಅಲ್ಲಿಗೆ ಹೆಣ್ಣು ಕೊಡುವುದಿತ್ತು, ತರುವುದಿರಲಿಲ್ಲ. ಹರಿಗೋಲಿನಲ್ಲಿ ಮದುಮಗಳನ್ನು ಕೂರಿಸಿ ಬಿಟ್ಟರೆ ಹರಿವು ಅವಳನ್ನು ಆಚೆಗೆ ಮುಟ್ಟಿಸುತ್ತಿತ್ತು. ಆಚೆಯಿಂದ ಹೊರಟ ಹರಿಗೋಲನ್ನು ಮಾತ್ರ ನಡುಹೊಳೆಯ ಸುಳಿ ನುಂಗುತ್ತಿತ್ತು. ಹಾಗಾಗಿ ಹೋದವರು ಹೋದರು. ತಾಳಿ ಕಟ್ಟುವ ಹೊತ್ತಿಗೆ ಈಚೆಯವರು ದಡದಲ್ಲಿ ನಿಂತು ಗಾಳಿಗೆ ಅಕ್ಷತೆ ತೂರುತ್ತಿದ್ದರು. ಅಕ್ಷತೆ ನೀರಿಗೆ ಬೀಳುತ್ತಿತ್ತು, ಮೀನುಗಳು ತಿನ್ನುತ್ತಿದ್ದವು.

ಆ ಊರಲ್ಲಿ ಸೇತುವೆ ಕಟ್ಟುವ ಹೆಂಗಸೊಬ್ಬಳಿದ್ದಳು. ಕತ್ತಾಳೆ ನಾರಿನ ಹಗ್ಗದಲ್ಲಿ ಹಳ್ಳಕ್ಕೆ, ಕೊರಕಲಿಗೆ ತೂಗುಸೇತುವೆ ಕಟ್ಟುತ್ತಿದ್ದಳು. ಅವಳ ಜೊತೆಗೆ ಇಬ್ಬರು: ಹಗ್ಗ ಹೊಸೆಯುವ ಮುದುಕ, ಗಂಟು ಹಾಕುವ ಹುಡುಗಿ. ಮೂವರೂ ಇನ್ನೊಬ್ಬರ ಕೈಕೆಳಗೆ ದುಡಿದು ದುಡಿದು ಸಾಕಾಗಿ, ನಮ್ಮದೇ ಒಂದು ಮನೆ ತೆರೆಯೋಣ ಎಂದು ಮಾತಾಡಿಕೊಂಡರು. ಆ ದಿನವೇ ಸೇತುವೆಯವಳು ಇಬ್ಬರ ಕೈಯನ್ನೂ ಹಿಡಿದು ಒಂದು ಮಾತು ಕೊಟ್ಟಳು.

"ನಾನು ಕಟ್ಟಿಸಿದ ಸೇತುವೆ ಮೇಲೆ ನನಗಿಂತ ಮುಂಚೆ ಇನ್ನೊಬ್ಬರ ಕಾಲು ಬೀಳಕೂಡದು. ಬೀಳೋದಿದ್ರೆ ನಾನೇ ಬೀಳ್ತೀನಿ."

ಅದು ಅವಳ ಹಳೆಯ ರೂಢಿ. ಹಗ್ಗ ಕಟ್ಟಿ ಮುಗಿದ ಮೇಲೆ ತಲೆಯೆತ್ತಿ ಮೇಲಿನ ಗಂಟನ್ನು ಕಣ್ಣಾರೆ ನೋಡುವುದು, ಚಪ್ಪಲಿ ಬಿಡುವುದು, ಒಬ್ಬಳೇ ಆ ತುದಿ ಮುಟ್ಟುವುದು, ಅಲ್ಲಿಂದ ತಿರುಗಿ "ಈಗ ಬನ್ನಿ" ಎನ್ನುವುದು. ಆ ಎರಡು ಮಾತಿನ ಮೇಲೆ ಜನ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ದಾಟುತ್ತಿದ್ದರು.

ಬಿರುದು ಕೆತ್ತುವವನ ಅಂಗಳದಲ್ಲಿ ಹಲಗೆಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದರು. ಅಂಗೈಯಗಲದ ಪಾರುಪತ್ಯಗಾರ, ಅದರ ಪಕ್ಕ ಯಜಮಾನ, ಆಮೇಲೆ ಅಧಿಪತಿ, ಮಹಾಧಿಪತಿ. ಕಟ್ಟಕಡೆಗೆ ಬಾಗಿಲಿನಷ್ಟು ದೊಡ್ಡ ಹಲಗೆಯೊಂದು ನಿಂತಿತ್ತು. ಕೆತ್ತುವವನು ಊರಿಗೆಲ್ಲ ಹೆಚ್ಚು ಬಗ್ಗಿದವನು. ಸೇತುವೆಯವಳ ಮುಖವನ್ನು ಅವನು ನೋಡಲಿಲ್ಲ, ಪಾದಗಳನ್ನು ನೋಡಿ ಮಾತಾಡಿದ.

"ಹೇಳಮ್ಮ, ಯಾವ ಬಿರುದು?"

"ಮೊದಲು ನಡೆಯುವವಳು ಅಂತ ಕೆತ್ತಿಕೊಡಿ."

ಅವನು ಉಳಿಯನ್ನು ಕೆಳಗಿಟ್ಟ. "ಅದು ಕೆಲಸ ಕಣಮ್ಮ, ಬಿರುದಲ್ಲ."

"ನಾನು ಮಾಡೋದು ಅದನ್ನೇ ತಾನೆ?"

"ಮಾಡೋದನ್ನ ಯಾರಾದ್ರೂ ಕೊರಳಿಗೆ ಕಟ್ಕೊಳ್ತಾರಾ? ಕಟ್ಕೊಳ್ಳೋದು ಮಾಡಿಸೋದನ್ನ. ನೋಡು, ನೀನು ಚಿಕ್ಕ ಹಲಗೆ ಕಟ್ಕೊಂಡು ಹೋದ್ರೆ, ಪಾಪ, ಇವಳಿಗೆ ಅಷ್ಟೇ ಯೋಗ್ಯತೆ ಅಂತಾರೆ. ಕೆಲಸ ಕೊಡೋರು ಹಲಗೆ ನೋಡ್ತಾರೆ, ಹಗ್ಗ ನೋಡಲ್ಲ. ನಿನ್ನನ್ನ ನಂಬಿ ಇಬ್ಬರು ಬಂದವ್ರೆ. ಅವರ ಹೊಟ್ಟೆ ನೋಡು."

ಅವಳು ಹಿಂತಿರುಗಿ ನೋಡಿದಳು. ಗಂಟಿನ ಹುಡುಗಿ ಆ ದೊಡ್ಡ ಹಲಗೆಯನ್ನೇ ನೋಡುತ್ತಿದ್ದಳು.

"ಅಕ್ಕಾ, ಅದನ್ನೇ ತಗೋ. ಎಲ್ಲರೂ ನಿನಗೆ ದಾರಿ ಬಿಡ್ತಾರೆ," ಎಂದಳು. ಮುದುಕ ತೊಡೆಯ ಮೇಲೆ ನಾರು ಹೊಸೆಯುತ್ತ ಕೂತಿದ್ದ.

ಸೇತುವೆಯವಳ ಮನಸ್ಸು ಅಲ್ಲಿ ಜಾರಿತು. ಜಾರದಿರಲು ಅವಳೇನು ಕಲ್ಲೇ? ನಾಲ್ಕು ಜನ ತನಗೂ ದಾರಿ ಬಿಡಲಿ ಎಂಬ ಆಸೆ ಅವಳಿಗೂ ಇತ್ತು. ಕೆತ್ತುವವನು ದೊಡ್ಡ ಹಲಗೆಯ ಮೇಲೆ "ಸೇತುಸಂಸ್ಥಾಪಕ ಮಹಾಮಂಡಲಾಧಿಪತಿ" ಎಂದು ಕೆತ್ತಿದ. ಇಬ್ಬರು ಆಳುಗಳು ಅದನ್ನೆತ್ತಿ ಅವಳ ಕೊರಳಿಗೆ ಕಟ್ಟಿದರು. ಅವಳ ಬೆನ್ನು ಬಗ್ಗಿತು. "ಭಾರ ಹೇಗಿದೆ?" ಎಂದು ಕೆತ್ತುವವನು ಕೇಳಿದ. "ಹೆಚ್ಚಾಗಲಿ," ಎಂದಳು ಅವಳು, ಊರಿನ ಪದ್ಧತಿಯಂತೆ.

ಕೆಲಸ ಬಂತು. ಸುಳ್ಳು ಹೇಳಬಾರದು, ರಾಶಿ ಬಂತು. ಜಗಲಿಯಲ್ಲಿ ಮೊದಲ ಜಾಗ ಬಂತು, ಪರಾತ ಹಿಡಿಯುವ ಆಳು ಬಂದ. ಹಲಗೆಯ ಜೊತೆಗೆ ಅದರ ಕಟ್ಟಳೆಗಳೂ ಬಂದವು. ಬಿರುದಿನವರು ಹಗ್ಗ ಮುಟ್ಟಬಾರದು, ಮುಟ್ಟಿದರೆ ಬಿರುದಿಗೆ ನಾರು ಅಂಟುತ್ತದೆ. ಬಿರುದಿನವರು ಮರ ಹತ್ತಬಾರದು. ಸೇತುವೆ ಮುಗಿದಾಗ ಬಿರುದಿಲ್ಲದವರು ಮೊದಲು ನಡೆಯಬೇಕು, ಬಿರುದಿನವರು ಕೊನೆಗೆ, ಡೋಲು ಬಡಿದ ಮೇಲೆ. ಅವಳು ಒಂದೊಂದನ್ನೂ ಒಪ್ಪಿಕೊಂಡಳು. ಒಂದನ್ನು ಒಪ್ಪಿದ ಕೊರಳು ಇನ್ನೊಂದಕ್ಕೆ ಬೇಡ ಎನ್ನಲಾರದೆ ಹೋಯಿತು.

ಹೀಗಿರುವಾಗ ಊರ ಕೊರಕಲಿನ ಮೇಲೊಂದು ಸೇತುವೆ ಮುಗಿಯಿತು. ಹಗ್ಗವನ್ನು ಹಳೆಯ ಅತ್ತಿಮರದ ಮೇಲಿನ ಕೊಂಬೆಗೆ ಬಿಗಿದಿದ್ದರು. ಗಂಟನ್ನು ನೋಡಬೇಕಿತ್ತು. ತಲೆಯೆತ್ತಲು ಹೋದಳು, ಹಲಗೆ ಕೊರಳನ್ನು ಕೆಳಗೆ ಎಳೆಯಿತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಎಳೆಯಿತು. ಆಳು ಓಡಿಬಂದು ಪರಾತ ಹಿಡಿದ. ಅವಳು ನೀರಿನಲ್ಲಿ ನೋಡಿದಳು. ನೀರಿನಲ್ಲಿ ಕೊಂಬೆ ಇತ್ತು, ಗಂಟಿತ್ತು, ಮೋಡವೂ ಇತ್ತು. ಎಲ್ಲ ಚೆನ್ನಾಗಿಯೇ ಕಂಡಿತು.

"ಸರಿಯಿದೆ," ಎಂದಳು.

"ನಾನು ನಡೀಲಾ ತಾಯಿ?" ಎಂದ ಹೊಸೆಯುವ ಮುದುಕ.

ಅವಳಿಗೆ ತಾನು ಕೊಟ್ಟ ಮಾತು ನೆನಪಾಯಿತು. ನೆನಪಾಗಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ನೆನಪಾಯಿತು, ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಡೋಲಿನವರು ಸಿದ್ಧರಾಗಿದ್ದರು, ಊರಿನ ದೊಡ್ಡವರೆಲ್ಲ ಬಗ್ಗಿ ಕಾಯುತ್ತಿದ್ದರು. "ನಡಿ ಮಾವ," ಎಂದಳು.

ಕೊಂಬೆಯ ಒಳಗೆ ಗೆದ್ದಲು ಹಿಡಿದಿತ್ತು. ಮುದುಕ ನಡುವಿಗೆ ಹೋದಾಗ ಅದು ಮುರಿಯಿತು. ಅವನು ಬಿದ್ದದ್ದನ್ನು ಅವಳು ನೋಡಲೂ ಇಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಪರಾತದ ನೀರು ಮಾತ್ರ, ಅದು ಒಮ್ಮೆ ಅಲುಗಿತು. ಕೂಗು ಕಿವಿಗೆ ಬಿತ್ತು.

ಮುದುಕ ಬದುಕಿದ, ಎಡಗಾಲು ಮುರಿಯಿತು. ಅವಳು ಅವನ ಚಾಪೆಯ ಪಕ್ಕ ಕೂತಳು. ಹಲಗೆ ಅಡ್ಡ ಬಂದು ಅವನ ಮುಖಕ್ಕೆ ಹತ್ತಿರವಾಗಲು ಆಗುತ್ತಿರಲಿಲ್ಲ.

"ಬೈಯಿ ಮಾವ," ಎಂದಳು.

"ಬೈಯೋಕೆ ನಿನ್ನ ಮುಖ ಕಾಣಬೇಕಲ್ಲ ತಾಯಿ," ಎಂದ ಮುದುಕ. "ಹಲಗೆ ಕಾಣ್ತದೆ. ಹಲಗೆಗೆ ಏನಂತ ಬೈಯ್ಲಿ?"

ಅವಳು ಅತ್ತಳು. ಕಣ್ಣೀರು ಬಿರುದಿನ ಅಕ್ಷರಗಳ ಮೇಲೆ ಬಿತ್ತು. ಆಮೇಲೆ ಅಳುವುದನ್ನು ನಿಲ್ಲಿಸಿ ಗಂಟಿನ ಹುಡುಗಿಯನ್ನು ಕರೆದಳು. "ಕುಡುಗೋಲು ತಾ," ಎಂದಳು. ಹುಡುಗಿ ತಂದುಕೊಟ್ಟಳು. ಸೇತುವೆಯವಳು ಕೊರಳ ಹಗ್ಗವನ್ನು ತಾನೇ ಕೊಯ್ದಳು. ಹಲಗೆ ನೆಲಕ್ಕೆ ಬಿದ್ದ ಸದ್ದು ಮೂರು ಬೀದಿಗೆ ಕೇಳಿಸಿತು. ಬೆನ್ನು ನೆಟ್ಟಗಾಗಲು ಹೊತ್ತು ಹಿಡಿಯಿತು, ನೋವೂ ಆಯಿತು. ನೆಟ್ಟಗಾಯಿತು.

ಹಲಗೆಯನ್ನು ಬೆನ್ನ ಮೇಲೆ ಹೊತ್ತು ಅವಳು ಕೆತ್ತುವವನ ಅಂಗಳಕ್ಕೆ ಹೋದಳು. ಅವನು ಅವಳ ಪಾದಗಳನ್ನು ಗುರುತು ಹಿಡಿದ.

"ಹಲಗೆ ಕೊರಳಲ್ಲಿ ಇಲ್ಲವಲ್ಲಮ್ಮ."

"ಇಲ್ಲ. ನಾನು ಮೊದಲ ದಿನ ಕೇಳಿದ್ದನ್ನ ಕೆತ್ತಿಕೊಡಿ."

"ಊರಿನ ಸಾಲಲ್ಲಿ ಇಲ್ಲದ ಬಿರುದು ನಾನು ಕೆತ್ತಲ್ಲ. ಬೇಕಾದ್ರೆ ಚಿಕ್ಕದು ಕೊಡ್ತೀನಿ, ಪಾರುಪತ್ಯಗಾರ."

"ದೊಡ್ಡದು ಚಿಕ್ಕದು ನನ್ನ ತಕರಾರಲ್ಲ. ಸುಳ್ಳು ಬೇಡ ಅಂತಿದೀನಿ."

ಸುಳ್ಳು ಎಂಬ ಮಾತು ಆ ಅಂಗಳದಲ್ಲಿ ಹಿಂದೆ ಕೇಳಿಬಂದಿರಲಿಲ್ಲ. ಕೆತ್ತುವವನ ಕುತ್ತಿಗೆಯ ನರ ಉಬ್ಬಿತು. "ಹಾಗಾದ್ರೆ ಕೇಳು. ಬಿರುದಿಲ್ಲದ ಮನೆಗೆ ಬಾಗಿಲಿಲ್ಲ. ನಿನ್ನ ಬಾಗಿಲಿಗೆ ಮಣ್ಣು ಮೆತ್ತಿಸ್ತೀನಿ. ನಿನ್ನ ಸೇತುವೆ ಮೇಲೆ ಊರಿನ ಒಂದು ಕಾಲೂ ಬೀಳದ ಹಾಗೆ ನೋಡ್ಕೋತೀನಿ."

"ಮೆತ್ತಿಸಿ. ಕೈಕಾಲಿಗೆ ಮೆತ್ತೋಕೆ ಆಗಲ್ಲವಲ್ಲ," ಎಂದು ಅವಳು ಹಲಗೆಯನ್ನು ಮತ್ತೆ ಬೆನ್ನಿಗೇರಿಸಿಕೊಂಡು ಹೊರಟಳು.

ಸಂಜೆಯೊಳಗೆ ಬಾಗಿಲಿಗೆ ಮಣ್ಣು ಮೆತ್ತಿದರು. ಅವಳಿಗೆ ಬೆಂಕಿ ಕೊಡುವವರಿಲ್ಲ, ಎದುರಾದರೆ ಮಾತಾಡಿಸುವವರಿಲ್ಲ. ಮೂವರೂ ಹೊಳೆದಡದ ದೊಡ್ಡ ಆಲದ ಮರದ ಕೆಳಗೆ ಬಿಡಾರ ಹೂಡಿದರು. ಕೆಲಸ ಕೊಡುವವರು ಇಲ್ಲದ ಮೇಲೆ ಅವಳು ಯಾರೂ ಹೇಳದ ಕೆಲಸವನ್ನು ಹಿಡಿದಳು. ಹೊಳೆಗೇ ಸೇತುವೆ ಹಾಕಲು ಹೊರಟಳು.

"ತಲೆ ಕೆಟ್ಟಿದೆ," ಎಂದಿತು ಊರು. ಕೆಟ್ಟಿರಲಿ ಎಂದುಕೊಂಡು ಅವಳು ಒಂದು ಗಾಳಿಪಟ ಮಾಡಿದಳು. ಅದರ ಬಾಲಕ್ಕೆ ಸಣ್ಣ ದಾರ ಕಟ್ಟಿ, ಆಚೆಗೆ ಗಾಳಿ ಬೀಸುವ ದಿನ ನೋಡಿ ಹಾರಿಬಿಟ್ಟಳು. ತಲೆಯೆತ್ತಿ ಗಾಳಿಪಟ ನೋಡಿ ಎಷ್ಟು ಕಾಲವಾಗಿತ್ತೋ, ಅವಳಿಗೆ ನಗು ಬಂತು. ಅದು ಆಚೆ ದಡದ ಮರಗಳ ಮೇಲೆ ಬಿತ್ತು. ಆಚೆಯವರು ದಾರವನ್ನು ಹಿಡಿದರು. ದಾರದ ಹಿಂದೆ ಹುರಿ ಹೋಯಿತು, ಹುರಿಯ ಹಿಂದೆ ಹಗ್ಗ ಹೋಯಿತು. ಮುದುಕ ಮುರಿದ ಕಾಲನ್ನು ಚಾಚಿಕೊಂಡು ಹೊಸೆದ, ಹುಡುಗಿ ಗಂಟು ಹಾಕಿದಳು. ಆಲದ ಮರದ ಮೇಲೆ, ಮನುಷ್ಯ ನೆಟ್ಟಗೆ ನಿಂತು ತಲೆಯೆತ್ತಿದರೆ ಮಾತ್ರ ಕಾಣುವ ಎತ್ತರದಲ್ಲಿ ಹಗ್ಗ ಬಿಗಿದರು. ಹತ್ತಲು ಒಂದು ಏಣಿ ಇಟ್ಟರು.

ಆಚೆಯ ಗಂಟನ್ನು ಆಚೆಯವರೇ ಹಾಕಬೇಕಾಯಿತು. ಅದನ್ನು ಅವಳು ನೋಡಿರಲಿಲ್ಲ, ನೋಡುವ ದಾರಿಯೂ ಇರಲಿಲ್ಲ. ಯಾರೋ ಒಬ್ಬರು ನಡೆದೇ ತಿಳಿಯಬೇಕು.

"ಆಚೆ ಯಾರು ಬಿಗಿದರೋ, ಹೇಗೆ ಬಿಗಿದರೋ," ಎಂದಳು ಗಂಟಿನ ಹುಡುಗಿ. "ಮೊದಲು ಒಂದು ಮರಳಿನ ಮೂಟೆ ಎಳೆದು ನೋಡೋಣ ಅಕ್ಕಾ."

"ಎಳಿ. ಮೂಟೆ ಆದಮೇಲೂ ಒಬ್ಬರು ಮೊದಲು ನಡೀಬೇಕಲ್ಲ? ಮೂಟೆಗೆ ಹೆದರಿಕೆ ಇಲ್ಲ, ಬರೋರಿಗೆ ಇದೆ."

ಕಾಲಿಡಲು ಹಲಗೆಗಳನ್ನು ಜೋಡಿಸುತ್ತ ಬಂದರು. ಕೊನೆಗೆ ಏಣಿಯ ಮೇಲ್ತುದಿಯಲ್ಲಿ, ಸೇತುವೆ ಶುರುವಾಗುವ ಕಡೆ, ಒಂದು ದೊಡ್ಡ ಹಲಗೆಯ ಜಾಗ ಖಾಲಿ ಉಳಿಯಿತು. ಸೇತುವೆಯವಳು ತನ್ನ ಬಿರುದಿನ ಹಲಗೆಯನ್ನು ತಂದಳು. ಮರ ಗಟ್ಟಿಯಾಗಿತ್ತು, ಆ ವಿಷಯದಲ್ಲಿ ಕೆತ್ತುವವನು ಮೋಸ ಮಾಡಿರಲಿಲ್ಲ. ಅವಳು ಅದನ್ನು ಮಗುಚಿ, ಕೆಂಡದಲ್ಲಿ ಕಾಯಿಸಿದ ಕಬ್ಬಿಣದಿಂದ ಹಿಂಬದಿಗೆ ತನ್ನ ಕೈಯಾರೆ "ಮೊದಲು ನಡೆಯುವವಳು" ಎಂದು ಸುಟ್ಟು ಬರೆದಳು. ಅಕ್ಷರ ಸೊಟ್ಟಗಿದ್ದವು.

"ಕೆಳಗಡೆ ಮಹಾಮಂಡಲಾಧಿಪತಿ ಅಂತ ಹಾಗೇ ಇದೆಯಲ್ಲ ಅಕ್ಕಾ?" ಎಂದಳು ಹುಡುಗಿ.

"ಇರಲಿ ಬಿಡು. ಮೀನುಗಳು ಓದ್ಕೊಳ್ಳಲಿ."

ನಡೆಯುವ ದಿನ ಬೆಳಿಗ್ಗೆ ಊರಿಗೆ ಊರೇ ದಡಕ್ಕೆ ಬಂತು. ಬಿರುದಿನವರು ಮುಂದೆ ಬಗ್ಗಿ ನಿಂತರು, ಅವರ ಪಕ್ಕ ಪರಾತದವರು, ಹಿಂದೆ ಬಿರುದಿಲ್ಲದ ಜನ. ಕೆತ್ತುವವನ ಕೈಯಲ್ಲಿ ಕುಡುಗೋಲಿತ್ತು.

"ಕೊನೇ ಸಲ ಕೇಳ್ತೀನಿ," ಎಂದ. "ಕೊರಳಿಗೆ ಬಿರುದು ಕಟ್ಕೊಳ್ತೀಯೋ ಇಲ್ಲವೋ?"

"ಬಿರುದು ಮೇಲಿದೆ, ಮೊದಲ ಹಲಗೆ ಅದೇ," ಎಂದಳು ಅವಳು. "ಇಷ್ಟು ದಿನ ಅದನ್ನ ನಾನು ಹೊತ್ತೆ. ಇನ್ನು ಅದು ನಮ್ಮನ್ನ ಹೊರಲಿ. ಅದರ ಮೇಲೆ ಮೊದಲು ನನ್ನ ಕಾಲು, ಆಮೇಲೆ ಬರೋರ ಕಾಲು."

ಚಪ್ಪಲಿ ಬಿಟ್ಟಳು. ಏಣಿ ಹತ್ತಿದಳು. ತಲೆಯೆತ್ತಿ ಈಚೆಯ ಗಂಟನ್ನು ಕಣ್ಣಾರೆ ನೋಡಿದಳು. ತನ್ನ ಬಿರುದನ್ನು ತುಳಿದು ಹೊಳೆಯ ಮೇಲಕ್ಕೆ ನಡೆದಳು.

"ಹಗ್ಗ ಕಡೀರಿ!" ಎಂದು ಕೂಗಿದ ಕೆತ್ತುವವನು.

ಬಿರುದಿನವರು ಆಲದ ಮರದ ಸುತ್ತ ಹುಡುಕಿದರು. ಅವರ ಕಣ್ಣಿಗೆ ಬೇರು ಕಂಡಿತು, ಏಣಿಯ ಬುಡ ಕಂಡಿತು, ಅವಳು ಬಿಟ್ಟ ಚಪ್ಪಲಿ ಕಂಡಿತು. ಹಗ್ಗ ಕಾಣಲಿಲ್ಲ. ಪರಾತ ತರಿಸಿ ಬಗ್ಗಿ ಬಗ್ಗಿ ನೋಡಿದರು. ಹಿಡಿದವರ ಕೈ ನಗು ತಡೆಯಲಾರದೆ ಅಲುಗುತ್ತಿತ್ತು, ನೀರಿನಲ್ಲಿ ಹಗ್ಗ ಸಾವಿರ ಚೂರಾಗಿ ತೇಲಿತು. ಏಣಿಗೆ ಕಾಲಿಟ್ಟ ಮಹಾಧಿಪತಿಯೊಬ್ಬನ ಹಲಗೆ ಮೆಟ್ಟಿಲಿಗೆ ಸಿಕ್ಕಿಕೊಂಡು, ಅವನನ್ನು ಇಳಿಸಲು ನಾಲ್ಕು ಜನ ಬೇಕಾಯಿತು.

ಕೆತ್ತುವವನು ಹಿಂದೆ ನಿಂತಿದ್ದ ಬಿರುದಿಲ್ಲದ ಜನರತ್ತ ತಿರುಗಿದ. "ನಿಮಗೆ ಬೆನ್ನು ನೆಟ್ಟಗಿದೆಯಲ್ಲ, ನೀವು ಕಡೀರಿ. ಹಗ್ಗ ಎಲ್ಲಿ ಕಟ್ಟವ್ರೆ?"

ಜನ ತಲೆಯೆತ್ತಿದರು. ಹಗ್ಗ ನಿಚ್ಚಳವಾಗಿ ಕಾಣುತ್ತಿತ್ತು, ಅದರ ಮೇಲೆ ನಡೆಯುತ್ತಿದ್ದವಳೂ ಕಾಣುತ್ತಿದ್ದಳು. ಕೂಸು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಮೊದಲು ಬಾಯಿ ಬಿಟ್ಟಳು.

"ಕಾಣ್ತಾ ಇಲ್ಲ ಬುದ್ಧಿ."

"ನನಗೂ ಕಾಣ್ತಾ ಇಲ್ಲ," ಎಂದ ಅವಳ ಪಕ್ಕದವನು.

"ನಮಗೂ ಕಾಣಲ್ಲ ಬುದ್ಧಿ," ಎಂದರು ಹಿಂದಿನವರು. "ಎಲ್ಲಿದೆ ಅಂತ ತಾವೇ ಒಂದು ಚೂರು ತೋರಿಸಿಬಿಡಿ."

ಕೆತ್ತುವವನ ಸಿಟ್ಟು ನೆತ್ತಿಗೇರಿತು. ಊರಿನ ಬಿರುದಿನವರ ಕೊರಳಿಗೆಲ್ಲ ಹಲಗೆ ಕಟ್ಟಿದವನು, ಒಂದು ಹಗ್ಗವನ್ನು ಕಾಣಲಾರದೆ ನಿಂತಿದ್ದ. ಬೇರೆ ದಾರಿಯಿರಲಿಲ್ಲ. ಕುಡುಗೋಲನ್ನು ತನ್ನ ಕೊರಳಿಗೇ ತಂದು, ಹಲಗೆಯ ಹಗ್ಗ ಕೊಯ್ದು, ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು ಎದ್ದ. ಮೂಳೆ ಲಟಲಟ ಎಂದವು. ಮೊದಲು ಅವನಿಗೆ ಜನರ ಸೊಂಟ ಕಂಡಿತು, ಆಮೇಲೆ ಮುಖಗಳು, ಆಮೇಲೆ ಕೊಂಬೆ, ಗಂಟು. ಕಡಿಯಬೇಕಾದ ಜಾಗ ಕಂಡಿತು.

ಸೇತುವೆಯ ನಡುವಿನಿಂದ ಅವಳು ಅವನನ್ನು ನೋಡಿದಳು. ಕೆಳಗೆ ಸುಳಿ ತಿರುಗುತ್ತಿತ್ತು. ಹೆದರಿಕೆಯಾಯಿತು. ಕೂಗುವಾಗ ಮಾತ್ರ ದನಿ ನಡುಗಲಿಲ್ಲ.

"ಕಡಿಯೋದಾದ್ರೆ ಕಡೀರಿ! ಈಗಲಾದ್ರೂ ತಲೆ ಎತ್ತಿ ಕಡೀತಿದೀರಿ!"

ಹಾಗೆಂದು ಬೆನ್ನು ಹಾಕಿ ನಡೆದಳು. ತಿರುಗಿ ನೋಡಲಿಲ್ಲ.

ಕೆತ್ತುವವನು ಏಣಿ ಹತ್ತಿದ. ಮೇಲಿನ ಮೆಟ್ಟಿಲಲ್ಲಿ ನಿಂತು ಕುಡುಗೋಲನ್ನು ಹಗ್ಗಕ್ಕೆ ಇಟ್ಟ. ಹಗ್ಗ ಎಲ್ಲಿಯವರೆಗೆ ಹೋಗಿದೆ ಎಂದು ಅವನ ಕಣ್ಣು ಹಗ್ಗದ ಗುಂಟ ಸಾಗಿತು. ನಡೆಯುತ್ತಿದ್ದವಳನ್ನು ದಾಟಿತು, ನೀರನ್ನು ದಾಟಿತು, ಆಚೆಯ ಮರವನ್ನು ಮುಟ್ಟಿತು. ಆ ಮರದ ಬಳಿ ಹೆಂಗಸೊಬ್ಬಳು ಗಂಟಿನ ಮೇಲೆ ಎರಡೂ ಕೈಯಿಟ್ಟು ಅದನ್ನು ಕಾಯುತ್ತ ನಿಂತಿದ್ದಳು. ತಲೆ ಅರ್ಧ ನರೆತಿತ್ತು. ಅವನೇ ಹರಿಗೋಲಿನಲ್ಲಿ ಕೂರಿಸಿ, ಗಾಳಿಗೆ ಅಕ್ಷತೆ ತೂರಿ ಕಳಿಸಿದ ಮಗಳು. ದಿನಾ ಬೆಳಿಗ್ಗೆ ಅವಳು ದಡದಲ್ಲಿ ನಿಂತು ಕೈ ಬೀಸುತ್ತಾಳೆ ಎಂದು ಜನ ಅವನಿಗೆ ಹೇಳುತ್ತಿದ್ದರು. ಕೆಲಸವಿದೆ ಎನ್ನುತ್ತಿದ್ದ.

ಈಗ ಅವಳು ಕೈ ಬೀಸಲಿಲ್ಲ. ಗಂಟಿನ ಮೇಲಿಂದ ಕೈ ತೆಗೆಯುವ ಹಾಗಿರಲಿಲ್ಲ.

ಸೇತುವೆಯವಳು ಆಚೆಯ ಮರವನ್ನು ಮುಟ್ಟಿದಳು. ಗಂಟನ್ನು ಕಣ್ಣಾರೆ ನೋಡಿದಳು, ಒಮ್ಮೆ ಎಳೆದು ನೋಡಿದಳು. ಆಮೇಲೆ ಈಚೆಗೆ ತಿರುಗಿದಳು. ಇಡೀ ಹೊಳೆಗೆ ಕೇಳಿಸುವಂತೆ "ಈಗ ಬನ್ನಿ!" ಎಂದಳು.

ಮೊದಲು ಹೊರಟವನು ಹೊಸೆಯುವ ಮುದುಕ. ಕುಂಟುತ್ತ, ಹುಡುಗಿಯ ಹೆಗಲು ಹಿಡಿದುಕೊಂಡು ಏಣಿ ಹತ್ತಿದ. ಮೇಲೆ ಕುಡುಗೋಲು ಹಿಡಿದು ನಿಂತವನನ್ನು ನೋಡಿ, "ದಾರಿ ಬಿಡಿ ಸ್ವಾಮಿ," ಎಂದ. ಆ ಊರಿನಲ್ಲಿ ಬಿರುದಿಲ್ಲದವನೊಬ್ಬ ಆ ಮಾತು ಆಡಿದ್ದು ಅದೇ ಮೊದಲು. ಕೆತ್ತುವವನು ಪಕ್ಕಕ್ಕೆ ಸರಿದ. ಮುದುಕ ದಾಟಿದ, ಹುಡುಗಿ ದಾಟಿದಳು, ಕೂಸಿನ ಹೆಂಗಸು ದಾಟಿದಳು. ಸೊಟ್ಟ ಅಕ್ಷರಗಳ ಮೇಲೆ ಒಬ್ಬೊಬ್ಬರ ಕಾಲೂ ಬಿತ್ತು.

ಕೆತ್ತುವವನು ಕೊಂಬೆಗೆ ಆತುಕೊಂಡು ಅಲ್ಲೇ ನಿಂತಿದ್ದ. ಕೆಳಗೆ ಬಿರುದಿನವರು, "ಕಡಿದಿರಾ? ಕಡಿದಿರಾ?" ಎಂದು ನೆಲವನ್ನು ಕೇಳುತ್ತಿದ್ದರು. ಅವನು ಆಚೆ ದಡದ ಮಗಳನ್ನೇ ನೋಡುತ್ತಿದ್ದ. ಎಷ್ಟೋ ವರುಷದಿಂದ ಎತ್ತದ ಕೊರಳು, ಬೆಂಕಿಯಿಟ್ಟಂತೆ ನೋಯುತ್ತಿತ್ತು. ಅವನು ಅದನ್ನು ತಗ್ಗಿಸಲಿಲ್ಲ.